ವಿಳಾಸ ಕೇಳುತ್ತಿದ್ದ ಬೆಟ್ಟ

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನ ಫುಟ್‌ಹಿಲ್ಸ್ ಪಾರ್ಕ್ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ಈಗ ಬೇ ಏರಿಯಾಗೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳಿಗೆ, ಬಂದವರಿಗೆ ಅದು ಇನ್ನೊಂದು ಹೈಕಿಂಗ್ ಜಾಗ, ಅಷ್ಟೇ. ಗೇಟಿನಲ್ಲಿ ದುಡ್ಡು ಕೊಡುತ್ತಾರೆ, ಒಳಗೆ ಹೋಗುತ್ತಾರೆ. 2020ರ ಡಿಸೆಂಬರ್ ತನಕ ಹಾಗಿರಲಿಲ್ಲ. ಪಾರ್ಕ್ ತೆರೆದದ್ದು 1965ರಲ್ಲಿ. ಅಲ್ಲಿಂದ 55 ವರ್ಷ ಅದು ಪಾಲೋ ಆಲ್ಟೋದಲ್ಲಿ ಮನೆ ಇದ್ದವರಿಗೆ ಮಾತ್ರ. ಬೇರೆಯವರು ಹೋಗಬೇಕು ಅಂದರೆ ಆ ಊರಿನವರ ಜೊತೆ ಅತಿಥಿಯಾಗಿ ಹೋಗಬೇಕಿತ್ತು. ಹಾಗಲ್ಲದೆ ಒಳಗೆ ಕಾಲಿಟ್ಟರೆ ಕಾನೂನಿನ ಪ್ರಕಾರ ಅಪರಾಧ.

ನಾವಿರುವುದು ಪಕ್ಕದ ಮೌಂಟನ್ ವ್ಯೂನಲ್ಲಿ. ಅದೇ ಬೆಟ್ಟ ನಮ್ಮ ಅಡುಗೆಮನೆ ಕಿಟಕಿಯಿಂದಲೂ ಕಾಣುತ್ತದೆ. ಬೇಸಿಗೆಯಲ್ಲಿ ಬಂಗಾರದ ಬಣ್ಣ, ಮಳೆ ಬಿದ್ದ ಮೇಲೆ ಹಸಿರು. ಸಂಜೆ ಹೊತ್ತು ಅದರ ಮೇಲೆ ಮಂಜು ಇಳಿದು ಬರುವುದನ್ನು ನೋಡುತ್ತಾ ನಾನು ಪಾತ್ರೆ ತೊಳೆದಿದ್ದೇನೆ. ಹೋಗುವುದಕ್ಕೆ ಮಾತ್ರ ಅಪ್ಪಣೆ ಇರಲಿಲ್ಲ.

ಮೊದಲ ಸಲ ಹೋಗಿದ್ದು ಆಫೀಸಿನ ಗೆಳತಿಯೊಬ್ಬಳ ದಯೆಯಿಂದ. ಆಗ ಅಮ್ಮ ಶಿರಸಿಯಿಂದ ಬಂದಿದ್ದರು. ಫ್ರೀವೇ, ಮಾಲು, ಪಾರ್ಕಿಂಗ್ ಲಾಟು ನೋಡಿ ನೋಡಿ ಬೇಸತ್ತಿದ್ದರು. "ಇಲ್ಲಿ ಕಾಡು ಅಂತ ಯಾವುದೂ ಇಲ್ವೇನೇ?" ಅಂತ ದಿನಾ ಕೇಳುತ್ತಿದ್ದರು. ಗೆಳತಿಯ ಮನೆ ಪಾಲೋ ಆಲ್ಟೋದಲ್ಲಿ. "ಶನಿವಾರ ನನ್ನ ಕಾರಿನಲ್ಲೇ ಹೋಗೋಣ, ನನ್ನ ಲೈಸೆನ್ಸ್ ಬೇಕಾಗುತ್ತೆ" ಅಂದಳು.

ಪೇಜ್ ಮಿಲ್ ರೋಡ್ 280 ಫ್ರೀವೇ ದಾಟಿದ ಮೇಲೆ ಬೇರೆಯದೇ ರಸ್ತೆ ಆಗಿಬಿಡುತ್ತದೆ. ಕೆಳಗೆ ಅದರ ಎರಡೂ ಬದಿಗೆ ದೊಡ್ಡ ದೊಡ್ಡ ಕಂಪನಿಗಳು. ಮೇಲೆ ಹೋದ ಹಾಗೆ ತಿರುವುಗಳು, ಓಕ್ ಮರಗಳ ನೆರಳು. ಅಮ್ಮ ಕಿಟಕಿ ಗಾಜು ಇಳಿಸಿ ಕೂತರು. ದೇವಿಮನೆ ಘಟ್ಟದಲ್ಲಿ ಬಸ್ಸಿನಲ್ಲಿ ಕೂರುವ ಹಾಗೆ.

ಗೇಟಿನಲ್ಲಿ ರೇಂಜರ್ ತುಂಬಾ ಮರ್ಯಾದೆಯಿಂದ ಮಾತಾಡಿಸಿದರು. ಗೆಳತಿ ಲೈಸೆನ್ಸ್ ಕೊಟ್ಟಳು. ಅವರು ಅದರಲ್ಲಿದ್ದ ವಿಳಾಸ ನೋಡಿದರು, ಹಿಂದಿನ ಸೀಟಿನಲ್ಲಿದ್ದ ನಮ್ಮನ್ನೊಮ್ಮೆ ನೋಡಿದರು, ನಕ್ಕು ಕೈ ಬೀಸಿದರು. ಒಂದು ನಿಮಿಷವೂ ಆಗಲಿಲ್ಲ. ಆದರೆ ಅಮ್ಮ ಅದನ್ನು ಗಮನಿಸಿದ್ದರು.

ಒಳಗೆ ಸುಮಾರು 1,400 ಎಕರೆ ಇದೆ. ಬೊರೋಂಡಾ ಲೇಕ್ ಅಂತ ಒಂದು ಪುಟ್ಟ ಕೆರೆ, ಮಾಡಿಸಿದ ಕೆರೆಯೇ, ಅದಕ್ಕೊಂದು ಮರದ ಅಟ್ಟಣೆ. ಅವತ್ತು ಶನಿವಾರ. ಕೆಳಗೆ ಊರಿನಲ್ಲಿ ಕಾಫಿ ಅಂಗಡಿ ಮುಂದೆ ಕ್ಯೂ ನಿಂತಿರುವ ಹೊತ್ತು. ಇಲ್ಲಿ ಕೆರೆ ಹತ್ತಿರ ಗಾಳ ಹಾಕಿಕೊಂಡು ಕೂತ ಒಬ್ಬ ಅಜ್ಜ, ಅವರ ಮೊಮ್ಮಗ, ನಾವು. ಬೇರೆ ಯಾರೂ ಇಲ್ಲ.

ಅಮ್ಮನಿಗೆ ತುಂಬಾ ಹಿಡಿಸಿದ್ದು ಮದ್ರೋನ್ ಮರ. ಅದರ ತೊಗಟೆ ಕೆಂಪಗೆ, ಕಾಗದದಷ್ಟು ತೆಳ್ಳಗೆ, ಸುರುಳಿ ಸುರುಳಿಯಾಗಿ ಸಿಪ್ಪೆ ಬಿಡುತ್ತದೆ. ಸಿಪ್ಪೆ ಬಿಟ್ಟ ಜಾಗದಲ್ಲಿ ಒಳಗಿನ ಮೈ ತಿಳಿ ಹಸಿರು, ಎಣ್ಣೆ ಹಚ್ಚಿ ತೀಡಿದ ಹಾಗೆ ನುಣ್ಣಗೆ. ಅಮ್ಮ ಅಂಗೈ ಇಟ್ಟು "ತಣ್ಣಗಿದೆ ನೋಡು" ಅಂದರು. ಬಿಸಿಲಿನಲ್ಲೂ ಅದು ತಣ್ಣಗೇ ಇರುತ್ತದೆ. ಆಮೇಲೆ ಒಣಗಿ ನಿಂತ ಒಂದು ಓಕ್ ಮರ ಸಿಕ್ಕಿತು. ಅದರ ಮೈತುಂಬಾ ತೂತು. ಗೆದ್ದಲು ಹಿಡಿದಿದೆ ಅಂದುಕೊಂಡರು ಅಮ್ಮ. ಹತ್ತಿರ ಹೋಗಿ ನೋಡಿದರೆ ಒಂದೊಂದು ತೂತಿನಲ್ಲೂ ಒಂದೊಂದು ಓಕ್ ಕಾಯಿ, ಬೆರಳಿನಲ್ಲಿ ಎಬ್ಬಿಸಿದರೂ ಏಳದಷ್ಟು ಬಿಗಿಯಾಗಿ. ಏಕಾರ್ನ್ ಮರಕುಟಿಗ ಅನ್ನುವ ಹಕ್ಕಿಯ ಕೆಲಸ ಇದು. ಗುಂಪಾಗಿ ಬಾಳುವ ಹಕ್ಕಿ. ಇಡೀ ಸಂಸಾರ ಸೇರಿ ಒಂದೇ ಮರದಲ್ಲಿ ಸಾವಿರಾರು ಕಾಯಿ ಕೂಡಿಡುತ್ತವೆ. ಕಾಯಿ ಒಣಗಿ ಸಣ್ಣದಾದರೆ ಅದನ್ನು ತೆಗೆದು ಇನ್ನೂ ಸಣ್ಣ ತೂತಿಗೆ ಬದಲಾಯಿಸುತ್ತವೆ. ಇಲ್ಲದಿದ್ದರೆ ಬೇರೆಯವು ಕದ್ದುಬಿಡುತ್ತವೆ. ಇದನ್ನು ಹೇಳಿದಾಗ ಅಮ್ಮ ಆ ಮರದ ಸುತ್ತ ಒಂದು ಸುತ್ತು ಹಾಕಿದರು. ಮೇಲೆ ಕೆಂಪು ಟೋಪಿಯ ಎರಡು ಹಕ್ಕಿ ಕೂತು ನಮ್ಮನ್ನು ಜೋರಾಗಿ ಬೈಯುತ್ತಿದ್ದವು.

ವಿಸ್ಟಾ ಹಿಲ್ ಮೇಲೆ ಬೆಂಚಿನಲ್ಲಿ ಕೂತು ಅವಲಕ್ಕಿ ತಿನ್ನುವಾಗ ಅಮ್ಮ ಕೇಳಿಯೇಬಿಟ್ಟರು.

"ಅಲ್ಲ ಕಣೇ, ಇದು ಯಾರದ್ದಾದರೂ ಸ್ವಂತ ಜಾಗನಾ?"

"ಅಲ್ಲಮ್ಮ, ನಗರಸಭೆದು."

"ಮತ್ತೆ ಯಾಕೆ ಮನೆ ಎಲ್ಲಿ ಅಂತ ನೋಡಿದ್ರು?"

ನಿಯಮ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ನನ್ನ ತಲೆಯಿಂದ ಹೋಗೇ ಇಲ್ಲ. "ನಮ್ಮಲ್ಲೂ ಬೆಟ್ಟಕ್ಕೆ ಹಕ್ಕು ಅಂತ ಇದೆ. ಸೊಪ್ಪು ಕೊಯ್ಯೋಕೆ, ದರಕು ಗುಡಿಸೋಕೆ. ದಾರೀಲಿ ನಡ್ಕೊಂಡು ಹೋಗೋರನ್ನ ನಿಲ್ಲಿಸಿ ನಿಂದು ಯಾವೂರು ಅಂತ ಯಾರು ಕೇಳ್ತಾರೆ?"

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ದರಕು ಅಂದರೆ ಉದುರಿದ ಒಣ ಎಲೆ. ನಮ್ಮ ಉತ್ತರ ಕನ್ನಡದ ಘಟ್ಟದ ಮೇಲೆ ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟ ಅಂತ ಕಾಡಿನ ಭಾಗ ಬಿಟ್ಟುಕೊಟ್ಟಿದ್ದಾರೆ. ಒಂದು ಎಕರೆ ತೋಟಕ್ಕೆ 9 ಎಕರೆ ತನಕ. ಭೂಮಿ ಸರ್ಕಾರದ್ದು, ಸೊಪ್ಪು ತೋಟದವರದ್ದು. ಅಮ್ಮ ಹುಟ್ಟಿದಾಗಿನಿಂದ ಈ ಲೆಕ್ಕದಲ್ಲೇ ಬೆಳೆದವರು. ಕಾಡಿನಿಂದ ಏನನ್ನಾದರೂ ತೆಗೆದುಕೊಳ್ಳುವ ಹಕ್ಕು ಬೇರೆ, ಕಾಡಿನಲ್ಲಿ ನಡೆದಾಡುವುದು ಬೇರೆ. ಮೊದಲನೆಯದಕ್ಕೆ ಊರಿನವರು ಅಂತ ಗೆರೆ ಹಾಕಲೇಬೇಕು, ಇಲ್ಲದಿದ್ದರೆ ಬೆಟ್ಟ ಬೋಳಾಗುತ್ತದೆ. ಎರಡನೆಯದಕ್ಕೆ ಯಾಕೆ ಹಾಕಬೇಕು?

ಮನೆಗೆ ಬಂದ ಮೇಲೆ ಈ ಪಾರ್ಕಿನ ಕಥೆ ಹುಡುಕಿ ಓದತೊಡಗಿದೆ. ಪಾಲೋ ಆಲ್ಟೋದವರ ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಈ ಜಾಗ ರಸೆಲ್ ಲೀ ಅನ್ನುವ ಡಾಕ್ಟರದ್ದಾಗಿತ್ತು. ಪಾಲೋ ಆಲ್ಟೋ ಮೆಡಿಕಲ್ ಕ್ಲಿನಿಕ್ ಕಟ್ಟಿದವರು ಅವರೇ. ಮನೆ ಕಟ್ಟುವವರಿಗೆ ಮಾರದೆ, ಬಯಲಾಗಿಯೇ ಉಳಿಯಲಿ ಅಂತ ನಗರಸಭೆಗೆ ಕೊಡಲು ಮುಂದೆ ಬಂದರು. 1959ರಲ್ಲಿ ನಗರಸಭೆ ಸುಮಾರು 13 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಅಕ್ಕಪಕ್ಕದ ಊರುಗಳನ್ನೂ ಖರ್ಚಿಗೆ ಕೈ ಜೋಡಿಸಿ ಅಂತ ಕೇಳಿದರು. ಅವರು ಜೋಡಿಸಲಿಲ್ಲ. ಸರಿ, ದುಡ್ಡು ನಮ್ಮದು, ಪಾರ್ಕೂ ನಮ್ಮದೇ ಅಂದುಕೊಂಡರು ಪಾಲೋ ಆಲ್ಟೋದವರು. ಆ ಹೊತ್ತಿಗೆ ಅವರಿಗೆ ಸಿಟ್ಟು ಬಂದಿದ್ದು ನನಗೆ ಅರ್ಥವಾಗುತ್ತದೆ.

ಆದರೆ ಆ ಲೆಕ್ಕ ಐವತ್ತು ವರ್ಷ ನಡೆಯುವುದಿಲ್ಲ ಅಲ್ವಾ? ಹೋದ ತಿಂಗಳು ಬೇರೆ ರಾಜ್ಯದಿಂದ ಬಂದು ಪಾಲೋ ಆಲ್ಟೋದಲ್ಲಿ ಮನೆ ಮಾಡಿದವರಿಗೆ ಗೇಟು ತೆರೆಯುತ್ತಿತ್ತು. 1959ರಲ್ಲಿ ತೆರಿಗೆ ಕಟ್ಟಿದವರ ಮಕ್ಕಳು ಬಾಡಿಗೆ ಕಟ್ಟಲಾಗದೆ ಊರು ಬಿಟ್ಟಿದ್ದರೆ ಅವರಿಗೆ ತೆರೆಯುತ್ತಿರಲಿಲ್ಲ. ಆ ಊರಿನ ಶಾಲೆಯಲ್ಲಿ ಪಾಠ ಮಾಡುವವರು, ಆ ಊರಿನ ಮಕ್ಕಳನ್ನು ನೋಡಿಕೊಳ್ಳುವವರು, ಹೋಟೆಲಿನಲ್ಲಿ ಬಡಿಸುವವರು ದಿನಾ ಬೆಳಿಗ್ಗೆ ದೂರದಿಂದ ಬರುತ್ತಾರೆ. ಅವರಿಗೂ ಇಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಭಾರವಾದದ್ದು. 1964ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಪೋಸಿಷನ್ 14 ಅನ್ನು ಗೆಲ್ಲಿಸಿದರು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಿ ಇಲ್ಲ ಅನ್ನುವುದಕ್ಕೆ ಮನೆ ಮಾಲೀಕರಿಗೆ ಅವಕಾಶ ಕೊಡುವ ಪ್ರಸ್ತಾಪ ಅದು. ಅದರ ಮಾರನೇ ವರ್ಷವೇ ಈ ಪಾರ್ಕ್ ತೆರೆಯಿತು. ಪ್ರಪೋಸಿಷನ್ 14 ಅನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರಲ್ಲಿ. ಮನೆ ಕೊಡುವಾಗ ಭೇದ ಮಾಡಬಾರದು ಅನ್ನುವ ಕಾನೂನು ಇಡೀ ದೇಶಕ್ಕೆ ಬಂದದ್ದು 1968ರಲ್ಲಿ. ಅಂದರೆ "ಊರಿನವರಿಗೆ ಮಾತ್ರ" ಅಂತ ಬೋರ್ಡ್ ಹಾಕಿದ ಕಾಲದಲ್ಲಿ, ಕಪ್ಪು ಜನರು ಆ ಊರಿನವರಾಗುವುದಕ್ಕೇ ಅಡ್ಡಿ ಇತ್ತು. 101 ಫ್ರೀವೇ ಆಚೆ ಈಸ್ಟ್ ಪಾಲೋ ಆಲ್ಟೋ ಇದೆ. ಹೆಸರಿನಲ್ಲಿ ಪಾಲೋ ಆಲ್ಟೋ ಇದ್ದರೂ ಊರು ಬೇರೆ, ಕೌಂಟಿಯೂ (ನಮ್ಮ ಜಿಲ್ಲೆಯ ಹಾಗೆ) ಬೇರೆ. ಹೆಚ್ಚಾಗಿ ಕಪ್ಪು ಕುಟುಂಬಗಳು ನೆಲೆಸಿದ್ದು ಅಲ್ಲಿ. ಅವರಿಗೂ ಈ ಬೆಟ್ಟ ಕಣ್ಣಿಗೆ ಕಾಣುತ್ತಿತ್ತು.

ಬೋರ್ಡ್ ಬರೆದವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಹೊರಟಿಲ್ಲ. ಆದರೆ ಮನಸ್ಸಿನಲ್ಲಿ ಏನೂ ಇಲ್ಲದೆಯೂ ಒಂದು ನಿಯಮ ಹೀಗೆ ಕೆಲಸ ಮಾಡಿಬಿಡುತ್ತದೆ.

ನಿವೃತ್ತ ನ್ಯಾಯಾಧೀಶೆ ಲಾಡೋರಿಸ್ ಕಾರ್ಡೆಲ್ ಈ ಮಾತನ್ನು ವರ್ಷಗಟ್ಟಲೆ ಹೇಳುತ್ತಾ ಬಂದರು. ಅವರು ಕಪ್ಪು ಮಹಿಳೆ, ಪಾಲೋ ಆಲ್ಟೋ ನಗರಸಭೆಯ ಸದಸ್ಯೆಯೂ ಆಗಿದ್ದವರು. ಸದಸ್ಯೆಯಾಗಿದ್ದಾಗಲೇ ಪಾರ್ಕ್ ಎಲ್ಲರಿಗೂ ತೆರೆಯೋಣ ಅಂದಿದ್ದರು. ಆಗ ಆಗಲಿಲ್ಲ. 2020ರ ಬೇಸಿಗೆಯಲ್ಲಿ ದೇಶ ಪೂರ್ತಿ ಜನಾಂಗದ ಪ್ರಶ್ನೆ ಎದ್ದಾಗ ಇದೂ ಮತ್ತೆ ಎದ್ದಿತು. ಪ್ರಯೋಗಕ್ಕೆ ಅಂತ ಹೊರಗಿನವರ 50 ಕಾರುಗಳನ್ನು ದಿನಕ್ಕೆ ಬಿಡೋಣ ಅನ್ನುವ ಮಾತೂ ಆಯಿತು. ಸೆಪ್ಟೆಂಬರಿನಲ್ಲಿ ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಎಸಿಎಲ್‌ಯು ಸಂಸ್ಥೆ, ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸ್ಥಳೀಯ ಶಾಖೆ ಮತ್ತು ಕೆಲವು ನಾಗರಿಕರ ಪರವಾಗಿ ಕೋರ್ಟಿಗೆ ಹೋಯಿತು. ಆ ನಾಗರಿಕರಲ್ಲಿ ಕಾರ್ಡೆಲ್ ಕೂಡ ಇದ್ದರು. ನವೆಂಬರಿನಲ್ಲಿ ನಗರಸಭೆ 5–2 ಮತದಿಂದ ರಾಜಿಗೆ ಒಪ್ಪಿತು. ಡಿಸೆಂಬರ್ 17ಕ್ಕೆ ಗೇಟು ತೆರೆಯಿತು.

ಕನೆಕ್ಟಿಕಟ್‌ನ ಗ್ರೀನಿಚ್ ಅನ್ನುವ ಶ್ರೀಮಂತ ಊರಿನ ಸಮುದ್ರತೀರದಲ್ಲೂ ಇದೇ ಕಥೆ ನಡೆದಿತ್ತು. ಓಡಲು ಹೋದ ಕಾನೂನು ವಿದ್ಯಾರ್ಥಿಯೊಬ್ಬನನ್ನು ಊರಿನವನಲ್ಲ ಅಂತ ತಿರುಗಿಸಿ ಕಳಿಸಿದರು. ಅವನು ಕೇಸು ಹಾಕಿದ. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಸಾರ್ವಜನಿಕ ಪಾರ್ಕ್ ಅಂದರೆ ಜನ ಸೇರುವ, ಮಾತಾಡುವ ಜಾಗ. ಅಲ್ಲಿಂದ ಹೊರಗಿನವರನ್ನು ದೂರ ಇಟ್ಟರೆ ಅವರ ವಾಕ್ ಸ್ವಾತಂತ್ರ್ಯಕ್ಕೇ ಧಕ್ಕೆ ಅನ್ನುವುದು ಆ ತೀರ್ಪಿನ ಸಾರ. ಪಾಲೋ ಆಲ್ಟೋ ಕೇಸಿನಲ್ಲೂ ವಾಕ್ ಸ್ವಾತಂತ್ರ್ಯದ ವಾದ ಬಂತು.

ತೆರೆದ ಮೇಲೆ ಆಗಿದ್ದನ್ನೂ ಮುಚ್ಚಿಡದೆ ಹೇಳಬೇಕು. ಕೋವಿಡ್ ಕಾಲ, ಹೋಗುವುದಕ್ಕೆ ಬೇರೆ ಜಾಗ ಇಲ್ಲ, ಮೇಲಿಂದ ಇಷ್ಟು ವರ್ಷದ ಕುತೂಹಲ. ಜನ ನುಗ್ಗಿದರು. ಇಷ್ಟು ಜನರನ್ನು ಪಾರ್ಕ್ ತಾಳುವುದಿಲ್ಲ ಅಂತ ಹೆದರಿದ್ದವರ ಭಯ ಸುಳ್ಳಾಗಿರಲಿಲ್ಲ. ಅಲ್ಲಿ ಜಿಂಕೆ, ಬಾಬ್‌ಕ್ಯಾಟ್, ಕಾಯೋಟಿ ಎಲ್ಲ ಇವೆ. ಅವು ಗಲಾಟೆ ತಾಳುವುದಿಲ್ಲ. ನಗರಸಭೆ ಒಳಗೆ ಒಂದೇ ಹೊತ್ತಿಗೆ ಎಷ್ಟು ಜನ ಇರಬಹುದು ಅನ್ನುವ ಮಿತಿಯನ್ನು ಇಳಿಸಿತು. ಆಮೇಲೆ ಕಾರಿಗೆ 6 ಡಾಲರ್ ಶುಲ್ಕ ತಂದಿತು. ಹೆಸರನ್ನೂ ಫುಟ್‌ಹಿಲ್ಸ್ ನೇಚರ್ ಪ್ರಿಸರ್ವ್ ಅಂತ ಬದಲಿಸಿತು.

ನನಗೆ ಬೇಕಾಗಿದ್ದು ಇಂಥ ಮಿತಿಯೇ. ಕಾಡಿಗೆ ಮಿತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ತುಳಿತ ಜಾಸ್ತಿಯಾದರೆ ದಾರಿ ಅಗಲವಾಗುತ್ತದೆ, ಮಣ್ಣು ಕೊಚ್ಚಿ ಹೋಗುತ್ತದೆ. ತಲೆ ಎಣಿಸಿ, ಕಾರು ಎಣಿಸಿ, ತುಂಬಿದ ಮೇಲೆ ಗೇಟು ಮುಚ್ಚಿ. ಮುಂಚೆ ಬಂದವರು ಒಳಗೆ, ತಡವಾಗಿ ಬಂದವರು ಇನ್ನೊಂದು ದಿನ ಬರಲಿ. ನನ್ನನ್ನೇ ವಾಪಸ್ ಕಳಿಸಿದರೂ ನಾನು ಖುಷಿಯಿಂದ ಹೋಗುತ್ತೇನೆ. ಒಂದು ಓಕ್ ಗಿಡಕ್ಕೆ ಪಾಲೋ ಆಲ್ಟೋದವರ ಕಾಲು, ಮೌಂಟನ್ ವ್ಯೂನವರ ಕಾಲು ಅಂತ ವ್ಯತ್ಯಾಸ ಇಲ್ಲ.

ಅಮ್ಮ ಎರಡನೇ ಸಲ ಬಂದಾಗ ನಮ್ಮ ಕಾರಿನಲ್ಲೇ ಹೋದೆವು. ಕೆರೆಯ ಅಟ್ಟಣೆ ತುಂಬಾ ಮಕ್ಕಳು. ಒಂದು ಕಡೆ ಸ್ಪ್ಯಾನಿಷ್, ಒಂದು ಕಡೆ ಮ್ಯಾಂಡರಿನ್, ಹಿಂದಿನಿಂದ ತೆಲುಗು. ಯಾರೋ ಹುಡುಗಿ ಗಾಳಕ್ಕೆ ಸಿಕ್ಕಿದ ಅಂಗೈ ಅಗಲದ ಮೀನನ್ನು ಎಲ್ಲರಿಗೂ ತೋರಿಸಿ ವಾಪಸ್ ನೀರಿಗೆ ಬಿಟ್ಟಳು. ಮೊದಲಿನ ನಿಶ್ಶಬ್ದ ಇರಲಿಲ್ಲ. ಅಮ್ಮ ಅದರ ಬಗ್ಗೆ ಏನೂ ಅನ್ನಲಿಲ್ಲ, ಪಕ್ಕದ ಬೆಂಚಿನ ತೆಲುಗು ಅಜ್ಜಿಯ ಜೊತೆ ಕೈಸನ್ನೆಯಲ್ಲಿ ಮೊಣಕಾಲು ನೋವಿನ ಮಾತಿಗೆ ಇಳಿದಿದ್ದರು. ನಿಶ್ಶಬ್ದ ಬೇಕು ಅಂದರೆ ದೂರದ ದಾರಿಗಳಲ್ಲಿ ಈಗಲೂ ಸಿಗುತ್ತದೆ, ಸ್ವಲ್ಪ ಬೆವರಬೇಕು ಅಷ್ಟೇ.

ಹೋಗುವವರಿಗೆ ನಾಲ್ಕು ಮಾತು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕೆರೆ ಸುತ್ತಿನ ದಾರಿ ಸಾಕು. ಗಟ್ಟಿ ಕಾಲಿನವರು ಲಾಸ್ ಟ್ರಾಂಕೋಸ್ ಟ್ರೇಲ್ ಹಿಡಿಯಿರಿ. ಸುತ್ತಿ ಬರಲು 7.5 ಮೈಲಿ, ಏರು ಚೆನ್ನಾಗಿದೆ, ನೀರು ಜಾಸ್ತಿ ಇಟ್ಟುಕೊಳ್ಳಿ. ದಾರಿ ಬದಿಯಲ್ಲಿ ಮೂರು ಮೂರು ಎಲೆಯ ಪಾಯಿಸನ್ ಓಕ್ ಸಿಗುತ್ತದೆ, ಮುಟ್ಟಿದರೆ ವಾರಗಟ್ಟಲೆ ತುರಿಕೆ. ಮಕ್ಕಳಿಗೆ ಉದ್ದ ಪ್ಯಾಂಟ್ ಹಾಕಿಸಿ. ಚಳಿಗಾಲದಲ್ಲಿ ಹೋದರೆ ಟೋಯಾನ್ ಗಿಡದ ತುಂಬಾ ಕೆಂಪು ಹಣ್ಣಿನ ಗೊಂಚಲು ನೋಡಬಹುದು. ಶುಲ್ಕ, ಸಮಯ ಎರಡನ್ನೂ ನಗರಸಭೆಯ ವೆಬ್‌ಸೈಟಿನಲ್ಲಿ ನೋಡಿಕೊಂಡು ಹೊರಡಿ. ಮತ್ತೆ ಪೇಜ್ ಮಿಲ್ ರೋಡಿನಲ್ಲಿ ವಾರಾಂತ್ಯ ಸೈಕಲ್ ಸವಾರರು ತುಂಬಾ ಇರುತ್ತಾರೆ. ತಿರುವಿನಲ್ಲಿ ಓವರ್‌ಟೇಕ್ ಮಾಡಬೇಡಿ, ಅವರ ಹಿಂದೆ ನಿಧಾನವಾಗಿ ಹೋಗಿ.