ಗೋಕುಲಂನ ಮಹಡಿಯಿಂದ ಕುರಿಟಿಬಾವರೆಗೆ

ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಬೆಳಕು ಹರಿಯುವ ಮೊದಲೇ ಹಾಲಿನವರ ಜೊತೆಗೆ ಬೀದಿಗಿಳಿಯುವವರೆಂದರೆ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋಗುವ ವಿದೇಶಿ ಯೋಗ ವಿದ್ಯಾರ್ಥಿಗಳು. ಲಕ್ಷ್ಮೀಪುರಂನ ಮನೆಯಲ್ಲಿ ದಶಕಗಳ ಕಾಲ ಅಷ್ಟಾಂಗ ಯೋಗ ಕಲಿಸಿದ ಪಟ್ಟಾಭಿ ಜೋಯಿಸರು 2002ರಲ್ಲಿ ತಮ್ಮ ಶಾಲೆಯನ್ನು ಇಲ್ಲಿಗೆ ತಂದ ಮೇಲೆ ನಮ್ಮ ಬಡಾವಣೆಯ ಎಷ್ಟೋ ಮನೆಗಳ ಮಹಡಿಗಳು ಅವರ ಬಿಡಾರಗಳಾದವು. ಕೆಲಸದಿಂದ ನಿವೃತ್ತನಾದ ಬಳಿಕ ನಾನೂ ಮಹಡಿಯ ಎರಡು ಕೋಣೆಗಳನ್ನು ಅವರಿಗೆ ಬಾಡಿಗೆಗೆ ಕೊಡುತ್ತ ಬಂದಿದ್ದೇನೆ. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಮನೆಯವರು ಅವರ ವಿವರಗಳನ್ನು ಸರ್ಕಾರಕ್ಕೆ ತಿಳಿಸುವ ಫಾರಂ ತುಂಬಬೇಕು. ಪಾಸ್‌ಪೋರ್ಟ್, ವೀಸಾ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಎಂಬ ಆ ಅಂಕಣಗಳನ್ನು ತುಂಬುವಾಗಲೇ ನನಗೆ ಭೂಪಟದ ಎಷ್ಟೋ ಊರುಗಳ ಹೆಸರು ಪರಿಚಯವಾದದ್ದು.

ಈಚಿನ ಒಂದು ನವರಾತ್ರಿಯಲ್ಲಿ ಮಹಡಿಯಲ್ಲಿದ್ದವರು ದಕ್ಷಿಣ ಬ್ರೆಜಿಲಿನ ಕುರಿಟಿಬಾ ನಗರದ ಒಬ್ಬ ಶಾಲಾ ಶಿಕ್ಷಕಿ. ಬೊಂಬೆ ಕೂರಿಸುವ ದಿನ ನನ್ನ ಹೆಂಡತಿ ಅವರನ್ನೂ ಕೆಳಗೆ ಕರೆದಳು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ಕೆಳಗೆ ಅಕ್ಕಿಬೇಳೆಯ ಅಂಗಡಿ ಇಟ್ಟುಕೊಂಡ ಶೆಟ್ಟರ ದಂಪತಿ, ನೆಲದ ಮೇಲೆ ರಾಗಿ ಮೊಳಕೆಯ ಹುಲ್ಲು ಬೆಳೆಸಿ ಮಾಡಿದ ಉದ್ಯಾನ ಮತ್ತು ಮೃಗಾಲಯ. ಪ್ರತಿ ವರ್ಷ ಹೊಸದಾಗಿ ಒಂದಾದರೂ ಬೊಂಬೆ ಸೇರಬೇಕೆಂಬ ಪದ್ಧತಿಯನ್ನು ಕೇಳಿ ತಿಳಿದುಕೊಂಡ ಆಕೆ ಮಹಡಿಗೆ ಹೋಗಿ, ಮರದಲ್ಲಿ ಕೆತ್ತಿ ನೀಲಿ ಬಣ್ಣ ಬಳಿದ ಅಂಗೈಯಗಲದ ಹಕ್ಕಿಯೊಂದನ್ನು ತಂದರು. ಅದು ಅವರ ಪರಾನಾ ರಾಜ್ಯದ ಹಕ್ಕಿಯಂತೆ. ಅಲ್ಲಿನ ಅರೌಕಾರಿಯಾ ಮರದ ಬೀಜಗಳನ್ನು ಮಣ್ಣಿನಲ್ಲಿ ಹೂತಿಟ್ಟು ಕಾಡು ಬೆಳೆಸುವುದು ಇದೇ ಎಂದು ಅವರ ಕಡೆಯ ಜನಪದ ನಂಬಿಕೆ. ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ ಅದನ್ನು ಮೃಗಾಲಯದ ಬೇಲಿಯ ಮೇಲೆ ಕೂರಿಸಿದಳು.

ಸಂಜೆ "ಅಜ್ಜಿ, ಬೊಂಬೆ ಕೂರ್ಸಿದ್ದೀರಾ?" ಎನ್ನುತ್ತ ಬಂದ ಬೀದಿಯ ಮಕ್ಕಳು ನೇರವಾಗಿ ಹಕ್ಕಿಗೇ ಗಂಟುಬಿದ್ದರು. ಆಕೆ ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ತಿಳಿಸುವುದು, ನಡುನಡುವೆ ಮಕ್ಕಳೇ ನನ್ನನ್ನು ಬಿಟ್ಟು ತಮ್ಮ ಇಂಗ್ಲಿಷಿನಲ್ಲಿ ಮಾತು ಮುಂದುವರಿಸುವುದು, ಹೀಗೆ ಕಡಲೆ ಉಸಲಿಯ ಪಾತ್ರೆ ಬರಿದಾಗುವವರೆಗೂ ನಡೆಯಿತು. ಮಕ್ಕಳು ಹೋದ ಮೇಲೆ ಆಕೆ ಹೇಳಿದ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಅವರ ಊರಿನಲ್ಲಿ, ಅವರ ಬಳಗದ ಅನೇಕರಿಗೆ ಬೆಂಗಳೂರಿನ ಹೆಸರು ಗೊತ್ತಿಲ್ಲ, ಮೈಸೂರಿನ ಹೆಸರು ಗೊತ್ತು. ಪ್ರತಿಯೊಬ್ಬರೂ ತಮ್ಮ ಉಸಿರಿನ ಲಯದಲ್ಲಿ ಅಭ್ಯಾಸ ಮಾಡುವ, ಗುರುಗಳು ಒಬ್ಬೊಬ್ಬರ ಬಳಿಗೂ ಬಂದು ತಿದ್ದುವ ಕ್ರಮಕ್ಕೆ ಜಗತ್ತಿನ ಎಲ್ಲೆಡೆ ನಮ್ಮ ಊರಿನ ಹೆಸರೇ ಅಂಟಿಕೊಂಡಿದೆ. ಆದರೆ ಇಷ್ಟು ಸಲ ಉಚ್ಚರಿಸಿದ ಈ ಊರಿನಿಂದ ಅಲ್ಲಿಗೆ ಯಾರೂ ಬಂದದ್ದನ್ನು, ಏನೂ ಬಂದದ್ದನ್ನು ತಾನು ಕಂಡಿಲ್ಲ ಎಂದು ಆಕೆ ಹೇಳಿದರು.

ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ಆದರೂ ಮೈಸೂರಿನವನಾಗಿ ನನಗೆ ಅದು ತಟ್ಟಿತು, ಏಕೆಂದರೆ ನಮ್ಮ ಊರು ಮೊದಲಿನಿಂದಲೂ ಹೀಗೆ ಕೈಕಟ್ಟಿ ಕುಳಿತದ್ದಲ್ಲ. ಯೋಗಗುರು ಕೃಷ್ಣಮಾಚಾರ್ಯರನ್ನು ಕರೆಸಿಕೊಂಡು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಪಟ್ಟಾಭಿ ಜೋಯಿಸರೂ ಬಿ.ಕೆ.ಎಸ್. ಅಯ್ಯಂಗಾರ್ಯರೂ ಆ ಗುರುವಿನ ಶಿಷ್ಯರೇ. ಜಯಚಾಮರಾಜ ಒಡೆಯರಂತೂ ಲಂಡನ್ನಿನಲ್ಲಿ ನೆಲೆಸಿ ಬಡತನ, ಅನಾರೋಗ್ಯಗಳಿಂದ ನಲುಗಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದಕ್ಕೆಂದು ರಚಿಸಿದ ಕೃತಿ) ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯಕ್ಕೆ ಮುಂದೆ ಏಷ್ಯಾ, ಆಫ್ರಿಕಾ ದೇಶಗಳಿಂದ ತರಬೇತಿಗಾಗಿ ಜನ ಬಂದರು. ಅವರು ತಮ್ಮ ತಮ್ಮ ದೇಶಗಳಿಗೆ ಮರಳಿದಾಗ ಕಲಿತ ವಿದ್ಯೆಯ ಜೊತೆಗೆ ಮೈಸೂರಿನ ನೆನಪನ್ನೂ ಒಯ್ದರು. ದೆಹಲಿಯ ರಾಯಭಾರ ಕಚೇರಿಗಳ ಮೂಲಕ ನಡೆಯುವುದು ಒಂದು ಬಗೆಯ ವ್ಯವಹಾರವಾದರೆ, ಊರೊಂದು ತನ್ನ ವಿದ್ಯೆ, ಕಲೆ ಮತ್ತು ಮನೆಬಾಗಿಲನ್ನು ತೆರೆದು ಪರದೇಶದ ಸಾಮಾನ್ಯ ಜನರ ವಿಶ್ವಾಸ ಗಳಿಸುವುದು ಇನ್ನೊಂದು ಬಗೆಯದು. ಸಾರ್ವಜನಿಕ ರಾಜತಾಂತ್ರಿಕತೆ ಎಂದು ಈಗ ಪುಸ್ತಕಗಳಲ್ಲಿ ಓದುವುದನ್ನು ಮೈಸೂರು ಬಹಳ ಹಿಂದೆಯೇ ಮಾಡಿತ್ತು.

ಆ ಕೆಲಸವನ್ನು ಆಗ ಅರಮನೆ ಹೊತ್ತಿತ್ತು. ಈಗ ಯಾರು ಹೊರಬೇಕು? ಅಮೆರಿಕದ ಸಿನ್ಸಿನಾಟಿಯೊಂದಿಗೆ ಮೈಸೂರಿಗೆ ಸೋದರ ನಗರದ ಸಂಬಂಧವಿದೆ. ನಮ್ಮ ಬೀದಿಯಲ್ಲಿ ವಿಚಾರಿಸಿದರೆ ಅದನ್ನು ಬಲ್ಲವರು ಸಿಗಲಿಲ್ಲ. 2022ರ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನದ ಮುಖ್ಯ ಕಾರ್ಯಕ್ರಮ ಪ್ರಧಾನಿಯವರ ಸಮ್ಮುಖದಲ್ಲಿ ಅರಮನೆ ಆವರಣದಲ್ಲೇ ನಡೆಯಿತು, ನಾವೆಲ್ಲ ಹೆಮ್ಮೆಪಟ್ಟೆವು. ಅಂಥ ಒಂದು ಬೆಳಗಿಗೆ ಅದರ ಬೆಲೆ ಇದ್ದೇ ಇದೆ. ಆದರೆ ಸಂಬಂಧ ಬೆಳೆಯುವುದು ಮಾರನೆಯ ದಿನದಿಂದ ಎಂದು ನಾನು ನಂಬಿದ್ದೇನೆ.

ಇದಕ್ಕೆ ಕುರಿಟಿಬಾದ ಕಥೆಯೇ ಒಳ್ಳೆಯ ನಿದರ್ಶನ. ಅದು ಬ್ರೆಜಿಲಿನ ರಾಜಧಾನಿಯಲ್ಲ, ಒಂದು ರಾಜ್ಯದ ಕೇಂದ್ರ ಮಾತ್ರ. ವಾಸ್ತುಶಿಲ್ಪಿ ಜೈಮಿ ಲೆರ್ನರ್ ಮೇಯರ್ ಆಗಿದ್ದಾಗ, 1974ರಲ್ಲಿ, ಬಸ್ಸುಗಳಿಗೆಂದೇ ಪ್ರತ್ಯೇಕ ಪಥಗಳನ್ನು ಹಾಕಿತು. 1990ರ ದಶಕದಲ್ಲಿ ಕೊಳವೆಯಾಕಾರದ ನಿಲ್ದಾಣಗಳು ಬಂದವು, ಮೊದಲೇ ಟಿಕೆಟ್ ಪಡೆದು ಬಸ್ಸಿನ ನೆಲಮಟ್ಟದಲ್ಲೇ ನಿಂತು ನೇರವಾಗಿ ಒಳಗೆ ಹೆಜ್ಜೆಯಿಡುವ ಏರ್ಪಾಡು. ಅದನ್ನು ನೋಡಿ ಕಲಿಯಲು ಪರದೇಶಗಳ ಮೇಯರುಗಳೂ ಎಂಜಿನಿಯರುಗಳೂ ಬಂದರು, ಕೊಲಂಬಿಯಾದ ಬೊಗೊಟಾ ತನ್ನ ಬಸ್ ವ್ಯವಸ್ಥೆಗೆ ಅದರಿಂದ ಪ್ರೇರಣೆ ಪಡೆಯಿತು. ತನ್ನ ಜನರಿಗಾಗಿ ಮಾಡಿಕೊಂಡ ಒಳ್ಳೆಯ ಕೆಲಸವನ್ನು ಬಂದವರಿಗೆಲ್ಲ ಬಿಚ್ಚಿ ತೋರಿಸಿದ್ದರಿಂದಲೇ ಆ ಊರಿಗೆ ಹೆಸರು ಬಂತು. 2017ರಲ್ಲಿ ನಮ್ಮಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಗ್ಗೆ ಆ ಶಿಕ್ಷಕಿ ಅಷ್ಟೊಂದು ಪ್ರಶ್ನೆ ಕೇಳಿದ್ದು ಏಕೆಂದು ಇದನ್ನು ಕೇಳಿದ ಮೇಲೆ ನನಗೆ ಅರ್ಥವಾಯಿತು. ಅವರು ನಮ್ಮಿಂದ ಯೋಗವಷ್ಟೇ ಅಲ್ಲ, ಊರು ನಡೆಸುವ ಬಗೆಯನ್ನೂ ತಿಳಿಯಲು ಸಿದ್ಧರಿದ್ದಾರೆ. ನಾವೂ ಅವರಿಂದ ಬಸ್ಸಿನ ಪಾಠ ಕಲಿಯಬಹುದು. ಕೊಡುಕೊಳ್ಳುವುದು ಎರಡೂ ಇಲ್ಲದಿದ್ದರೆ ಅದು ಪ್ರವಾಸೋದ್ಯಮವಾದೀತೇ ಹೊರತು ಸ್ನೇಹವಾಗದು.

ಎಲ್ಲವೂ ಸುಗಮವೆಂದು ನಾನು ಹೇಳಲಾರೆ. ವಿದೇಶಿಯರು ಕೊಡುವ ಬಾಡಿಗೆಯಿಂದಾಗಿ ನಮ್ಮ ಬೀದಿಯಲ್ಲಿ ಇಲ್ಲಿನವರಿಗೇ ಮನೆ ಸಿಗುವುದು ಕಷ್ಟವಾಗಿದೆ ಎಂಬ ನೆರೆಹೊರೆಯವರ ಮಾತು ನ್ಯಾಯವಾದದ್ದು, ಅದನ್ನು ನಗರಾಡಳಿತ ಕಿವಿಗೊಟ್ಟು ಕೇಳಬೇಕು. ಆದರೆ ಬಂದವರನ್ನು ಬಾಡಿಗೆದಾರರಾಗಿಯೇ ಉಳಿಸಿಬಿಟ್ಟರೆ ಆ ಅಸಮಾಧಾನ ಹೆಚ್ಚುತ್ತದೆ. ಅವರಿಗೆ ನಾಲ್ಕು ಕನ್ನಡ ಮಾತು ಕಲಿಸುವ ಸಂಜೆಯ ತರಗತಿ, ಮರಳಿ ಹೋದವರ ವಿಳಾಸ ಇಟ್ಟುಕೊಂಡು ದಸರೆಗೆ ಪತ್ರ ಬರೆಯುವ ಒಬ್ಬ ಗುಮಾಸ್ತ, ನಮ್ಮಷ್ಟೇ ದೊಡ್ಡ ಊರುಗಳ ಶಾಲೆ, ಗ್ರಂಥಾಲಯಗಳೊಂದಿಗೆ ವಿನಿಮಯ, ಇವಕ್ಕೆ ದೊಡ್ಡ ಮೊತ್ತ ಬೇಡ. ಬಿಡದೆ ನಡೆಸುವ ಮನಸ್ಸು ಬೇಕು.

ನೀಲಿ ಹಕ್ಕಿಯ ಬಗ್ಗೆ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಆ ಶಿಕ್ಷಕಿ ಒಂದು ಹಾಳೆಯಲ್ಲಿ ಗುರುತುಹಾಕಿಕೊಂಡು ಹೋದರು. ಸಂಕ್ರಾಂತಿ ಕಳೆದ ಮೇಲೆ ಅವರ ಕಡೆಯ ಮಕ್ಕಳು ಬರೆದ ಉತ್ತರಗಳ ದಪ್ಪ ಲಕೋಟೆ ನಮ್ಮ ಮನೆಗೆ ಬಂತು. ಪಕ್ಕದ ಬೀದಿಯಲ್ಲಿರುವ ಒಬ್ಬ ಮೇಷ್ಟರು ತಮ್ಮ ಶಾಲೆಯ ಆರನೇ ತರಗತಿಯಿಂದ ಮರುಪತ್ರ ಬರೆಸಿದ್ದಾರೆ. ಅಂಚೆಯ ಖರ್ಚನ್ನು ಸದ್ಯಕ್ಕೆ ಬೀದಿಯವರೇ ಹಾಕಿಕೊಂಡಿದ್ದೇವೆ. ಮುಂದಿನ ವರ್ಷದಿಂದ ನಗರದ ಎಲ್ಲ ಸರ್ಕಾರಿ ಶಾಲೆಗಳಿಗೂ ಇಂಥ ಪತ್ರಸ್ನೇಹದ ಅವಕಾಶ ಕಲ್ಪಿಸಿ, ಅದಕ್ಕೆಂದು ಬಜೆಟ್ಟಿನಲ್ಲಿ ಸ್ವಲ್ಪ ಹಣ ತೆಗೆದಿಡಬೇಕೆಂದು ಕೋರಿ ನಗರಾಡಳಿತಕ್ಕೆ ಮನವಿ ಬರೆದು, ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದೇವೆ.