ಟಗರು ತೂಗಿ ಮಾರಿ

ನಮ್ಮ ಮಾವ ತುಮಕೂರು ಜಿಲ್ಲೆಯ ಒಂದು ಹಟ್ಟಿಯಲ್ಲಿ ಕುರಿ ಸಾಕುತ್ತಾರೆ. ಕಳೆದ ವರ್ಷ ಅವರ ಜೊತೆ ಸಂತೆಗೆ ಹೋಗಿದ್ದೆ. ಲಗೇಜ್ ಆಟೋದಲ್ಲಿ ಆರು ಟಗರು. ಇಳಿಸುವಷ್ಟರಲ್ಲೇ ದಲ್ಲಾಳಿ ಬಂದು ಬೆನ್ನು ಒತ್ತಿ ನೋಡಿದ, ಮಾವನ ಕೈ ಮೇಲೆ ಟವೆಲ್ ಹಾಕಿ ಒಳಗೆ ಬೆರಳು ಹಿಡಿದೇ ರೇಟು ಹೇಳಿದ. ಪಕ್ಕದಲ್ಲೇ ನಿಂತಿದ್ದ ನನಗೆ ರೇಟು ಎಷ್ಟು ಅಂತ ಗೊತ್ತೇ ಆಗಲಿಲ್ಲ. ಪಕ್ಕದವರ ಕುರಿ ಎಷ್ಟಕ್ಕೆ ಹೋಯಿತು ಅಂತ ಯಾರಿಗೂ ಗೊತ್ತಾಗಬಾರದು, ಆ ಟವೆಲ್ ಇರೋದೇ ಅದಕ್ಕೆ.

"ಒಂದಕ್ಕೆ ಹದಿಮೂರು ಕೆಜಿ ಮಾಂಸ ಬಿದ್ರೆ ಜಾಸ್ತಿ ಯಜಮಾನ್ರೇ" ಅಂದ. ಮಾವ ಸುಮ್ಮನಾದರು. ಮಾರದೆ ವಾಪಸ್ ತಂದರೆ ಮತ್ತೆ ಆಟೋ ಬಾಡಿಗೆ, ಮೇಲೆ ಟಗರು ಬೇರೆ ಸೊರಗುತ್ತೆ. ಕೊಟ್ಟುಬಿಟ್ಟರು.

ನನಗೆ ಹೊಟ್ಟೆ ಉರಿದಿದ್ದು ಇದಕ್ಕೆ: ಇದೇ ಮಾವ ದಿನಾ ಡೇರಿಗೆ ಹಾಲು ಹಾಕುತ್ತಾರೆ, ಅಲ್ಲಿ ಅಳತೆ ಇದೆ, ಫ್ಯಾಟ್ ನೋಡುತ್ತಾರೆ, ದುಡ್ಡು ಖಾತೆಗೆ ಬೀಳುತ್ತೆ. ಅದೇನು ತಾನಾಗಿ ಬಂದಿದ್ದಲ್ಲ. ವ್ಯಾಪಾರಿ ಹೇಳಿದ ರೇಟಿಗೆ ಹಾಲು ಕೊಟ್ಟು ಕೊಟ್ಟು ಸಾಕಾಗಿ 1946ರಲ್ಲಿ ಗುಜರಾತಿನ ಖೇಡಾದ ರೈತರು ತಾವೇ ಸಂಘ ಕಟ್ಟಿಕೊಂಡರು, ಆ ದಾರಿಯೇ ಮುಂದೆ ನಮ್ಮ ಊರಿಗೂ ಬಂತು. ಹಾಲಿಗೆ ಇರುವ ಅಳತೆ ಕುರಿಗೆ ಯಾಕೆ ಬೇಡ?

ಮುಂದಿನ ಸಲ ಒಂದು ನೇತುಹಾಕುವ ತಕ್ಕಡಿ ತಂದೆ. ಬೆಳಗ್ಗೆ ನೀರು, ಮೇವು ಕೊಡೋ ಮುಂಚೆ ತೂಗಿದೆವು, ಇಲ್ಲಾಂದ್ರೆ ಹೊಟ್ಟೆ ತುಂಬಿಸಿ ತಂದಿದ್ದೀರಿ ಅಂತ ತಗಾದೆ ಬರುತ್ತೆ. ಒಂದು ಟಗರು 34 ಕೆಜಿ. ಕುರಿಯ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಮಾಂಸ ಬೀಳುತ್ತೆ, ಅಂದರೆ ಹದಿನೈದು ಕೆಜಿಗೆ ಮೋಸವಿಲ್ಲ. ಎರಡು ಕೆಜಿ ವ್ಯತ್ಯಾಸ! ಕೆಜಿಗೆ 700 ರೂಪಾಯಿ ಹಿಡಿದರೂ ಒಂದು ಟಗರಿಗೆ 1,400. ಆರು ಟಗರಿಗೆ ಲೆಕ್ಕ ಹಾಕಿ, ಮಗುವಿನ ಸ್ಕೂಲ್ ಫೀಸು ಅಲ್ವಾ ಅದು?

ಆ ಸಲವೂ ಹದಿಮೂರು ಅಂತಲೇ ಶುರುವಾಯಿತು. "ತೂಗ್ಕೊಂಡ್ ಬಂದಿದೀನಿ ಕಣಪ್ಪ, ಮೂವತ್ನಾಲ್ಕು ಐತೆ" ಅಂದರು ಮಾವ. ಟವೆಲ್ ತೆಗೆದು ಬಾಯಲ್ಲೇ ಮಾತಾಡು ಅಂತಲೂ ಹೇಳಿದರು. ಪೂರ್ತಿ ಸಿಗಲಿಲ್ಲ, ಆದರೆ ಹಿಂದಿನ ಸಲಕ್ಕಿಂತ ಚೆನ್ನಾಗಿ ಸಿಕ್ಕಿತು.

ಈ ಬಕ್ರೀದ್‌ಗೆ ನಾಲ್ಕು ಮನೆಯವರು ಟಗರು ಒಟ್ಟು ಮಾಡಿ, ತೂಕ ಬರೆದಿಟ್ಟು, ವ್ಯಾಪಾರಿಗಳನ್ನೇ ಹಟ್ಟಿಗೆ ಕರೆಸೋಣ ಅಂತಿದ್ದಾರೆ. ಹಬ್ಬ ವರ್ಷವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತೆ, ಅದನ್ನು ನೋಡಿಕೊಂಡು ಈಗಲೇ ಮರಿ ಆರಿಸಿದ್ದಾರೆ. ನಿಮ್ಮ ಕಡೆ ಯಾರಾದರೂ ಹೀಗೆ ಒಟ್ಟಾಗಿ ಮಾರಿದ್ದರೆ ದಯವಿಟ್ಟು ಬರೆಯಿರಿ, ಮಾವನಿಗೆ ಓದಿ ಹೇಳಬೇಕು.