ಸರಳ ಬಡ್ಡಿಯ ಟ್ಯೂಬಾ

ಹೊಸ ಟ್ಯೂಬಾ, ಅಂದರೆ ಬ್ಯಾಂಡಿನಲ್ಲಿ ಮಂದ್ರ ಸ್ವರ ಊದುವ ದೊಡ್ಡ ಹಿತ್ತಾಳೆ ವಾದ್ಯ, ಮನೆಗೆ ಬಂದ ದಿನ ನನ್ನ ಹೆಂಡತಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದಳು. ಆಮೇಲೆ, "ಇದನ್ನು ಇಡುವುದೆಲ್ಲಿ?" ಎಂದು ಕೇಳಿದಳು. ಎರಡು ಕೋಣೆಯ ಮನೆಯಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಸದ್ಯಕ್ಕೆ ಅಡುಗೆಮನೆಯ ಬಾಗಿಲ ಬಳಿ, ಅಕ್ಕಿ ಮೂಟೆಯ ಪಕ್ಕದಲ್ಲಿ, ಹೂವಿನಂತೆ ಅಗಲವಾದ ಬೆಲ್ ಕೆಳಗೆ ಮಾಡಿಕೊಂಡು ನಿಂತಿದೆ. ರಾತ್ರಿ ನೀರು ಕುಡಿಯಲು ಎದ್ದವರೆಲ್ಲ ಒಮ್ಮೆ ಎಡವಿದ್ದಾರೆ.

ಮಂಡ್ಯದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಲಗ್ನದ ದಿನಗಳಲ್ಲಿ ಬ್ಯಾಂಡ್. ಅಪ್ಪ ಇದೇ ಬ್ಯಾಂಡಿನಲ್ಲಿ ಬೇಸ್ ಊದುತ್ತಿದ್ದರು. ಬೆರಳಿನಿಂದ ಒತ್ತುವ ಮೂರು ವಾಲ್ವಿನ ಅವರ ಹಳೆಯ ಬಿ ಫ್ಲಾಟ್ (ನಮ್ಮ ಆರೂವರೆ ಶ್ರುತಿ) ಟ್ಯೂಬಾವನ್ನೇ ನಾನೂ ಇಪ್ಪತ್ತೆರಡು ವರ್ಷ ಊದಿದೆ. ಅದರ ಮೈಮೇಲೆ ತಗ್ಗಿಲ್ಲದ ಜಾಗ ಉಳಿದಿರಲಿಲ್ಲ. ಕಳೆದ ವರ್ಷ ಎರಡನೆಯ ವಾಲ್ವ್ ಒತ್ತಿದರೆ ಮೇಲೇಳದಷ್ಟು ಸವೆದುಹೋಯಿತು. ಸಂಘದಲ್ಲಿ ಸಾಲ ತೆಗೆದು ನಾಲ್ಕು ವಾಲ್ವಿನ ಹೊಸದನ್ನು ತರಿಸಿದೆ.

ಮೊದಲ ದಿನದ ತಾಲೀಮಿನಲ್ಲೇ ಮಾನ ಹೋಯಿತು. ನಾನು ಉದ್ದಕ್ಕೆ ಒಂದು ಷಡ್ಜ ಊದಿದೆ. ಕೀಬೋರ್ಡ್ ಹುಡುಗ ಎರಡು ಸಲ ತನ್ನ ಯಂತ್ರವನ್ನೇ ನೋಡಿಕೊಂಡು, ಆಮೇಲೆ ಬಹಳ ಮರ್ಯಾದೆಯಿಂದ, "ಅಣ್ಣಾ, ನೀವು ಸ್ವಲ್ಪ ಕೆಳಗಿದ್ದೀರಿ" ಎಂದ. ಮೊಬೈಲಿನ ಟ್ಯೂನರ್ ತೆಗೆದು ನೋಡಿದರೆ ಸ್ವಲ್ಪವಲ್ಲ, 25 ಸೆಂಟ್. ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರ 100 ಸೆಂಟ್ ಎಂದರೆ ಅದರ ಕಾಲು ಭಾಗ ನಾನು ಕೆಳಗೆ. ಕೊಳವೆಯ ಉದ್ದ ಹೊಂದಿಸುವ ಜಾರುತುಂಡು, ಮುಖ್ಯ ಸ್ಲೈಡನ್ನು ಪೂರ್ತಿ ಒಳಗೆ ತಳ್ಳಿದರೂ ಅಷ್ಟೇ. ಕೊಳವೆ ಗಿಡ್ಡವಾದರೆ ಶ್ರುತಿ ಏರುತ್ತದೆ, ಉದ್ದವಾದರೆ ಇಳಿಯುತ್ತದೆ. ಒಳಗೆ ತಳ್ಳಲು ಇನ್ನು ಜಾಗವೇ ಇಲ್ಲವೆಂದರೆ ವಾದ್ಯವನ್ನೇ ಉದ್ದ ಮಾಡಿ ಕಳುಹಿಸಿದ್ದಾರೆ ಎಂದುಕೊಂಡೆ. ಅಂಗಡಿಯವರಿಗೆ ಫೋನಿನಲ್ಲಿ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಕ್ಷಮೆ ಕೇಳಿದ್ದೇನೆ.

ಭಾನುವಾರ ಟ್ಯೂಬಾ ಹೊತ್ತು ಮೈಸೂರಿನ ರೈಲು ಹತ್ತಿದೆ. ಬನ್ನಿಮಂಟಪದ ಹತ್ತಿರ ನಮ್ಮ ಮೇಷ್ಟ್ರ ಮನೆ. ಪೊಲೀಸ್ ಬ್ಯಾಂಡಿನಲ್ಲಿದ್ದು ನಿವೃತ್ತರಾದವರು. ಅರಮನೆಯ ವಾದ್ಯವೃಂದದ ಪರಂಪರೆಯ ಬ್ಯಾಂಡ್ ಅದು. ಹಾಗಾಗಿ ಅವರ ಮುಂದೆ ಅಪಸ್ವರ ಊದುವುದೆಂದರೆ ಈಗಲೂ ನನಗೆ ಕೈ ಬೆವರುತ್ತದೆ. ಅವರು ನನ್ನ ದೂರು ಕೇಳಲೇ ಇಲ್ಲ. ತುಟಿ ಇಟ್ಟು ಊದುವ ಮೌತ್‌ಪೀಸ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಕಟಕಟ ಎಂದಿತು.

"ಇದು ಯಾವುದಯ್ಯ?"

"ಅಪ್ಪನದು, ಸಾರ್."

ಟ್ಯೂಬಾ ಜೊತೆಗೇ ಬಂದಿದ್ದ ಹೊಸ ಮೌತ್‌ಪೀಸ್ ಪ್ಲಾಸ್ಟಿಕ್ ಚೀಲ ಬಿಚ್ಚದೆ ಕೇಸಿನಲ್ಲಿಯೇ ಇತ್ತು. ಬೆಳ್ಳಿಯ ಬಣ್ಣ ಅಂಚಿನಲ್ಲಿ ಸವೆದು ಹಿತ್ತಾಳೆ ಕಾಣುವ ಅಪ್ಪನ ಮೌತ್‌ಪೀಸನ್ನು ಬಿಡಲು ನನಗೆ ಮನಸ್ಸು ಬಂದಿರಲಿಲ್ಲ. ಆದರೆ ಅದರ ಕಾಂಡ ತೆಳು. ಹೊಸ ವಾದ್ಯದ ಬಾಯಿಯಲ್ಲಿ ಬಿಗಿಯಾಗಿ ಕೂರದೆ ಸಡಿಲವಾಗಿ ಆಳಕ್ಕೆ ಇಳಿದು ಕೂರುತ್ತಿತ್ತು. ಸುತ್ತಲಿನ ಸಂದಿಯಲ್ಲಿ ಉಸಿರು ಸೋರಿ ಒಂದೊಂದು ಸ್ವರ ಒಂದೊಂದು ಕಡೆ ಜಾರುತ್ತಿತ್ತು. ಮೇಷ್ಟ್ರು ಹೊಸದನ್ನು ಹಾಕಿ, ತಾವೇ ಊದಿದರು. ಎಪ್ಪತ್ತು ದಾಟಿದವರ ಉಸಿರು ಕಿಟಕಿಯ ಗಾಜನ್ನು ನಡುಗಿಸಿತು. ಟ್ಯೂನರಿನ ಮುಳ್ಳು ನಡುಗೆರೆಯನ್ನೂ ದಾಟಿ ಮೇಲಕ್ಕೆ ಹೋಯಿತು! ಅವರು ಸ್ಲೈಡನ್ನು ಎರಡು ಬೆರಳಷ್ಟು ಹೊರಗೆಳೆದ ಮೇಲೆ ನಡುವಿಗೆ ಬಂದು ನಿಂತಿತು. ಅದೇ ಸ್ಲೈಡ್, ಅದೇ ಮೌತ್‌ಪೀಸ್, ನನ್ನ ಕೈಗೆ ಕೊಟ್ಟರು. ಊದಿದೆ. ಮುಳ್ಳು ಕೆಳಗೆ ಬಿತ್ತು.

ವಾದ್ಯದ ತಪ್ಪಲ್ಲ, ನನ್ನ ತುಟಿಯದು ಎಂದು ಅಲ್ಲಿಗೆ ಗೊತ್ತಾಯಿತು. ಅದು ಹೀಗಾಗಿತ್ತು. ಬ್ರಿಟನ್ನಿನ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೂ ಏರು ಶ್ರುತಿಯಲ್ಲಿ ನುಡಿಸುತ್ತಿದ್ದವು. ಇವತ್ತು ಸಾಮಾನ್ಯವಾಗಿ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ. ಅವರಿಗೆ ಸುಮಾರು 452. ವ್ಯತ್ಯಾಸ ಹತ್ತಿರಹತ್ತಿರ 50 ಸೆಂಟ್. ಅಪ್ಪನ ಟ್ಯೂಬಾ ಆ ಕಾಲದ ವಿಲಾಯಿತಿ ಸರಕು. ಅದರ ಸ್ಲೈಡಿಗೆ ಯಾವನೋ ಪುಣ್ಯಾತ್ಮನ ಕೈಯಲ್ಲಿ ಅವರು ಹಿತ್ತಾಳೆ ಕೊಳವೆಯ ತುಂಡು ಬೆಸೆಸಿದ್ದರು. ಆ ಬೆಸುಗೆಯ ಗಂಟನ್ನು ಚಿಕ್ಕಂದಿನಿಂದ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ಅಷ್ಟಾದರೂ ಅದು ಕೊಂಚ ಮೇಲೆಯೇ ಉಳಿದಿತ್ತು. ಉಳಿದದ್ದನ್ನು ಅವರೂ ಆಮೇಲೆ ನಾನೂ ತುಟಿ ಸಡಿಲಿಸಿ ಕೆಳಗೆ ಎಳೆದುಕೊಳ್ಳುತ್ತಿದ್ದೆವು. ಇಪ್ಪತ್ತೆರಡು ವರ್ಷ ಬಲಕ್ಕೆ ಎಳೆಯುವ ಸೈಕಲ್ ತುಳಿದವನು ನೆಟ್ಟಗಿರುವ ಸೈಕಲ್ ಹತ್ತಿದರೆ ಎಡಗಡೆಯ ಚರಂಡಿಗೆ ಬೀಳುತ್ತಾನಲ್ಲ, ಹಾಗಾಗಿತ್ತು.

ಮೂರು ವಾರ ಬೆಳಗ್ಗೆ ವಿಶ್ವೇಶ್ವರಯ್ಯ ನಾಲೆಯ ದಂಡೆಯ ಮೇಲೆ ಕುಳಿತು ಉದ್ದ ಸ್ವರ ಊದಿದೆ. ಟ್ಯೂನರ್ ನೋಡಬಾರದು, ವಾದ್ಯಕ್ಕೆ ಎಲ್ಲಿ ಸುಖವೋ ಅಲ್ಲಿ ಬಿಡಬೇಕು ಎಂದು ಮೇಷ್ಟ್ರ ಅಪ್ಪಣೆ. ನಾದ ತನ್ನ ಜಾಗದಲ್ಲಿ ಕುಳಿತರೆ ಗೊತ್ತಾಗುತ್ತದೆ: ಕಡಿಮೆ ಉಸಿರಿಗೆ ಹೆಚ್ಚು ಸದ್ದು, ಎಡ ತೋಳಿನಲ್ಲಿ ಹಿತ್ತಾಳೆಯ ಸಣ್ಣ ಅದುರು. ಆಚೆ ದಡದ ಎಮ್ಮೆಗಳು ಮೊದಲ ವಾರ ತಲೆ ಎತ್ತುತ್ತಿದ್ದವು, ಆಮೇಲೆ ಬಿಟ್ಟವು. ಅದನ್ನು ನಾನು ಪ್ರಗತಿ ಎಂದೇ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ತುಟಿ ದಾರಿಗೆ ಬಂದ ಮೇಲೂ ಮಂದ್ರ ಪಂಚಮ ಮಾತ್ರ ಮೇಲೆಯೇ ಇರುತ್ತಿತ್ತು. ಬೇಸ್ ಊದುವವನ ಅನ್ನವೇ ಆ ಸ್ವರ. ಅಪ್ಪ ಕಲಿಸಿದಂತೆ ಒಂದು ಮತ್ತು ಮೂರನೆಯ ವಾಲ್ವ್ ಒತ್ತುತ್ತಿದ್ದೆ. ಇದರ ಕಾರಣ ಹುಡುಕುವಾಗ ಜೀವನದಲ್ಲಿ ಮೊದಲ ಸಲ ನನ್ನ ಕಚೇರಿಯ ವಿದ್ಯೆ ಬ್ಯಾಂಡಿಗೆ ಉಪಯೋಗಕ್ಕೆ ಬಂತು. ವಾಲ್ವ್ ಒತ್ತಿದರೆ ಗಾಳಿಯ ದಾರಿಗೆ ಒಂದು ತುಂಡು ಕೊಳವೆ ಸೇರುತ್ತದೆ. ಮೊದಲ ವಾಲ್ವ್ ಸೇರಿಸುವುದು ಒಟ್ಟು ಉದ್ದದ ಶೇಕಡಾ 12.2, ಮೂರನೆಯದು ಶೇಕಡಾ 18.9. ಎರಡನ್ನೂ ಒತ್ತಿದರೆ ಶೇಕಡಾ 31.1. ಆದರೆ ಮೂರನೆಯದು ಒತ್ತಿದಾಗಲೇ ಕೊಳವೆ ಉದ್ದವಾಗಿದೆ. ಮೊದಲನೆಯದು ಆ ಹೆಚ್ಚಾದ ಉದ್ದಕ್ಕೂ ಸೇರಿ 12.2 ಕೊಡಬೇಕು. ಹಾಗೆ ಲೆಕ್ಕ ಹಾಕಿದರೆ ಬೇಕಾದದ್ದು ಶೇಕಡಾ 33.5. ಅಂದರೆ ಟ್ಯೂಬಾ ಸರಳ ಬಡ್ಡಿ ಕಟ್ಟುತ್ತಿದೆ, ಕಿವಿ ಚಕ್ರಬಡ್ಡಿ ಕೇಳುತ್ತಿದೆ! ಹದಿನೆಂಟು ಅಡಿಯ ಕೊಳವೆಗೆ ಆ ಬಾಕಿ 12–13 ಸೆಂಟಿಮೀಟರ್. ಶ್ರುತಿಯಲ್ಲಿ 30 ಸೆಂಟ್ ಏರು. ಮೂರೂ ವಾಲ್ವ್ ಒಟ್ಟಿಗೆ ಒತ್ತಿದರೆ ಬಾಕಿ 50 ಸೆಂಟ್ ದಾಟುತ್ತದೆ.

ನಾಲ್ಕನೆಯ ವಾಲ್ವ್ ಇರುವುದೇ ಈ ಬಾಕಿ ತೀರಿಸಲು. ಅದೊಂದೇ ಒತ್ತಿದರೆ ಮಂದ್ರ ಪಂಚಮ, ಪೂರ್ತಿ ಅಸಲಿನೊಂದಿಗೆ. ಶುದ್ಧ ರಿಷಭಕ್ಕೆ ಎರಡು ಮತ್ತು ನಾಲ್ಕು. ಅಲ್ಲೂ ಕೊಂಚ ಬಾಕಿ ಉಳಿಯುತ್ತದೆ, ಆದರೆ ಮೂರೂ ಒತ್ತಿದಾಗಿನ ಸುಮಾರು ಅರ್ಧದಷ್ಟು ಮಾತ್ರ. 1835ರಲ್ಲಿ ಬರ್ಲಿನ್ನಿನಲ್ಲಿ ವಿಪ್ರೆಕ್ಟ್ ಮತ್ತು ಮೊರಿಟ್ಜ್ ಮೊದಲ ಟ್ಯೂಬಾಕ್ಕೆ ಹಕ್ಕುಪತ್ರ ಪಡೆದಾಗಲೇ ಅದಕ್ಕೆ ಐದು ವಾಲ್ವ್ ಇಟ್ಟಿದ್ದರಂತೆ. ನಮ್ಮ ಮನೆಗೆ ಮೂರು ಸಾಕು ಎಂದು ಯಾರು ತೀರ್ಮಾನಿಸಿದರೋ. ಬೆರಳಿಗೆ ಮಾತ್ರ ಹಳೆಯ ಚಾಳಿ. ಲಗ್ನದ ಗದ್ದಲದಲ್ಲಿ ಈಗಲೂ ಒಂದು-ಮೂರಕ್ಕೇ ಓಡುತ್ತದೆ.

ಇಷ್ಟೆಲ್ಲ ಆದರೂ ಟ್ಯೂನರ್ ಒಂದು ಸ್ವರವನ್ನು ಒಪ್ಪುತ್ತಿರಲಿಲ್ಲ. ಯಾವ ವಾಲ್ವೂ ಒತ್ತದೆ ತುಟಿ ಬಿಗಿ ಮಾಡುತ್ತಾ ಹೋದರೆ ಟ್ಯೂಬಾ ತಾನಾಗಿ ಸ ಪ ಸ ಗ ಪ ಎಂದು ಹತ್ತುತ್ತದೆ. ಆ ಗಾಂಧಾರ ಯಾವಾಗಲೂ 14 ಸೆಂಟ್ ಕೆಳಗೆ. ಇದನ್ನು ಸರಿಪಡಿಸಲು ಒದ್ದಾಡುತ್ತಿದ್ದಾಗ ಅತ್ತಿಗೆ ಬಂದಿದ್ದರು. ಕುವೆಂಪುನಗರದಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಡುತ್ತಾರೆ. ಅವರು ತಮ್ಮ ಮೊಬೈಲಿನಲ್ಲಿ ಆರೂವರೆ ಶ್ರುತಿಗೆ ತಂಬೂರಿ ಹಚ್ಚಿ, "ಈಗ ಊದಿ" ಎಂದರು. ಊದಿದೆ. ನಾನು ತುಟಿ ಬಿಗಿದು ಟ್ಯೂನರ್ ಒಪ್ಪುವಷ್ಟು ಏರಿಸಿದಾಗ ತಂಬೂರಿಯೊಂದಿಗೆ ವ್ವ್ವ್ ಎಂದು ಅಲೆ ಎದ್ದಿತು. ಬಿಟ್ಟು ಅದರ ಪಾಡಿಗೆ ಇಳಿಸಿದಾಗ ಅಲೆ ನಿಂತು ಎರಡೂ ಒಂದಾದವು.

"ಇದು ಸರಿಯಾದ ಅಂತರ ಗಾಂಧಾರವೇ ಅಲ್ಲವೇ? ತಂಬೂರಿಯಲ್ಲಿ ತಾನಾಗಿ ಹುಟ್ಟುವುದೂ ಇದೇ. ಇದನ್ನು ಯಾಕೆ ಕೆಡಿಸುತ್ತಿದ್ದೀರಿ?"

ಟ್ಯೂನರ್ ಬಯಸುವುದು ಹನ್ನೆರಡು ಸಮಪಾಲು ಮಾಡಿದ ಕೀಬೋರ್ಡಿನ ಗಾಂಧಾರ. ಅತ್ತಿಗೆ ಕೇಳಿದ್ದು ಷಡ್ಜದ ನಾಲ್ಕು ಕಂಪನಕ್ಕೆ ತಾನು ಐದು ಎಂಬ ಲೆಕ್ಕದಲ್ಲಿ ನಿಲ್ಲುವ ಗಾಂಧಾರ. ಹಾಗಾಗಿ ಈಗ ನನ್ನದು ಎರಡು ಗಾಂಧಾರ: ನಾವು ಬರೀ ಊದುವ ವಾದ್ಯದವರೇ ಶಂಕರಾಭರಣ ನುಡಿಸುವಾಗ ಒಂದು, ಕೀಬೋರ್ಡ್ ಹುಡುಗ ಗಾಡಿಯ ಮೇಲೆ ಕೂತಿದ್ದರೆ ಅವನಿಗಾಗಿ ತುಟಿ ಬಿಗಿದು ಇನ್ನೊಂದು. ಅವನಿಗಿದು ಗೊತ್ತಿಲ್ಲ.

ಉಳಿದದ್ದು ಚಳಿ. ಒಂದು ಡಿಗ್ರಿ ತಂಪಾದರೆ ಊದುವ ವಾದ್ಯ ಸುಮಾರು 3 ಸೆಂಟ್ ಇಳಿಯುತ್ತದೆ. ಮಾಘದ ಮದುವೆಗೆ ಬೆಳಗಿನ ಜಾವ ಪಾಂಡವಪುರದಲ್ಲಿ ನಿಂತಾಗಿನ ಶ್ರುತಿ, ಮಧ್ಯಾಹ್ನದ ಮೆರವಣಿಗೆಯಲ್ಲಿ ಇರುವುದಿಲ್ಲ. ಉಸಿರಿನ ಬಿಸಿ ಸ್ವಲ್ಪ ಕಾಪಾಡುತ್ತದೆ, ಆದರೆ ಇಷ್ಟು ದೊಡ್ಡ ಹೊಟ್ಟೆಯನ್ನು ಎಷ್ಟೆಂದು ಕಾಯಿಸುವುದು? ಮುಖ್ಯ ಸ್ಲೈಡಿನ ಮೇಲೆ ಎರಡು ಗೆರೆ ಹಾಕಿಕೊಂಡಿದ್ದೇನೆ: ಒಳಗಿನದು ಮುಹೂರ್ತಕ್ಕೆ, ಅದರಿಂದ ಮೂರು ಸೆಂಟಿಮೀಟರ್ ಆಚೆಯದು ಮೆರವಣಿಗೆಗೆ. ಪೆನ್ನಿನ ಗುರುತು ಗ್ರೀಸಿಗೆ ಅಳಿಸಿಹೋಗುತ್ತಿತ್ತು. ಮಗಳ ಕೆಂಪು ನೇಲ್ ಪಾಲಿಶ್ ಗಟ್ಟಿಯಾಗಿ ನಿಂತಿದೆ. ಅವಳಿಗೆ ಹೊಸ ಬಾಟಲಿ ಕೊಡಿಸುವುದು ಇನ್ನೂ ಬಾಕಿ ಇದೆ. ದಿನಾ ಬಡ್ಡಿ ಕೇಳುತ್ತಾಳೆ.